ಅತ್ತೆಯ ಸೊಂಟದ ಪೀಶಕತ್ತಿ

ನನ್ನ ಅತ್ತೆಯ ಎಡಗೈ ಹೆಬ್ಬೆರಳಿನ ಉಗುರು ಮಾತ್ರ ಉದ್ದ ಇತ್ತು. ಉಳಿದ ಒಂಬತ್ತನ್ನು ವಾರವಾರವೂ ಗಿಡ್ಡ ಮಾಡಿಕೊಳ್ಳುವ ಹೆಂಗಸು ಅದೊಂದನ್ನು ಮಾತ್ರ ಬೆಳೆಯಲು ಬಿಟ್ಟಿದ್ದರು. ದಪ್ಪಗಿನ, ಬೆಳ್ಳುಳ್ಳಿ ಸಿಪ್ಪೆಯ ಬಣ್ಣಕ್ಕೆ ತಿರುಗಿದ ಉಗುರು. ಮಡಚುವ ಪೀಶಕತ್ತಿಯ ಅಲಗಿನ ಮೇಲೆ ಒಂದು ಸಣ್ಣ ಗೀರು ಇರುತ್ತದಲ್ಲ, ಅದಕ್ಕೆ ಉಗುರು ಸಿಕ್ಕಿಸಿ ಎಳೆಯಬೇಕು, ಆಗ ಅಲಗು ಟಕ್ಕೆಂದು ಹೊರಗೆ ಬರುತ್ತದೆ. ಬಲಗೈಯಲ್ಲಿ ಹಿಡಿ, ಎಡಗೈಯಲ್ಲಿ ಉಗುರು. ಸಣ್ಣ ಚಾಕುವಿಗೆ ನಮ್ಮ ಕಡೆ ಪೀಶಕತ್ತಿ ಎನ್ನುತ್ತೇವೆ. ಅತ್ತೆ ಅದನ್ನು ಸೀರೆಯ ಸೊಂಟದ ಮಡಿಕೆಯಲ್ಲಿ, ಬೇರೆ ಹೆಂಗಸರು ಬೀಗದ ಕೈ ಸಿಕ್ಕಿಸಿಕೊಳ್ಳುವ ಜಾಗದಲ್ಲಿ, ದಿನವೂ ಇಟ್ಟುಕೊಳ್ಳುತ್ತಿದ್ದರು.

ನಾನು ಅದನ್ನು ಮೊದಲು ಕಂಡದ್ದು ಜೆಪ್ಪುವಿನ ನಮ್ಮ ಮನೆಗೆ ಅವರು ಹೆಣ್ಣು ನೋಡಲು ಬಂದ ದಿನ. ನನ್ನ ಅಮ್ಮ ತಟ್ಟೆಯಲ್ಲಿ ಮಾವಿನಹಣ್ಣು, ಪಕ್ಕದಲ್ಲಿ ಅಡುಗೆಮನೆಯ ಚಾಕು ಇಟ್ಟು ತಂದಿದ್ದರು. ಅತ್ತೆ ಆ ಚಾಕು ಎತ್ತಿ ಅಲಗಿನ ಬಾಯಿಗೆ ಬೆರಳು ಸವರಿ, "ಇದರಲ್ಲಿ ಬೆಣ್ಣೆ ಕೂಡ ತುಂಡಾಗ್ಲಿಕ್ಕಿಲ್ಲ ಮಾರಾಯ್ರೆ," ಎಂದವರೇ ಸೊಂಟಕ್ಕೆ ಕೈ ಹಾಕಿದರು. ಟಕ್! ನನ್ನ ಅಪ್ಪ ಕುರ್ಚಿಯಲ್ಲೇ ಒಂದು ಗೇಣು ಹಿಂದೆ ಸರಿದರು. ಅತ್ತೆ ಯಾರನ್ನೂ ನೋಡದೆ ಐದು ಹಣ್ಣು ಹೆಚ್ಚಿ ಎಲ್ಲರಿಗೂ ಹಂಚಿ, ಅಲಗು ಒರೆಸಿ ಮಡಚಿ ಸಿಕ್ಕಿಸಿಕೊಂಡರು. ಅವರು ಹೋದ ಮೇಲೆ ಅಪ್ಪ ಕೇಳಿದ್ದು ಒಂದೇ ಮಾತು: "ಹುಡುಗ ಒಳ್ಳೆಯವನೇ, ಆದರೆ ಮಗಳೇ, ಆ ಮನೆಯಲ್ಲಿ ನಿನಗೆ ಧೈರ್ಯ ಉಂಟಾ?"

ಧೈರ್ಯ ಎಂತ ಬಂತು! ನನಗೆ ಆಗಲೇ ಆ ಹೆಂಗಸು ಇಷ್ಟವಾಗಿ ಆಗಿತ್ತು.

ದೇರೆಬೈಲಿನ ಆ ಮನೆಗೆ ಬಂದ ಮೇಲೆ ಗೊತ್ತಾಯಿತು, ಕತ್ತಿ ಒಂದಲ್ಲ, ಇಪ್ಪತ್ತಮೂರು! ನಾನು ಮದುವೆಯಾಗಿ ಬರುವ ಮೊದಲೇ ತೀರಿಕೊಂಡ ಮಾವನ ಪಂಚೆಯಲ್ಲಿ ಸಾಲಾಗಿ ಕಿಸೆ ಹೊಲಿದು, ಒಂದೊಂದು ಕಿಸೆಯಲ್ಲಿ ಒಂದೊಂದು ಕತ್ತಿ ಇಟ್ಟು, ಚಾಪೆಯ ಹಾಗೆ ಸುರುಳಿ ಸುತ್ತಿ ಕಪಾಟಿನಲ್ಲಿ ಇಟ್ಟಿದ್ದರು. ಕೊಂಬಿನ ಹಿಡಿಯದ್ದು, ಹಿತ್ತಾಳೆಯದ್ದು, ಹಲಸಿನ ಮರದ್ದು, ಬಂದರಿನ ಕಡೆ ಹಡಗಿನ ಕೆಲಸದವರು ಬಳಸುವ ದಪ್ಪ ಅಲಗಿನದ್ದು, ಕಸಿ ಕಟ್ಟುವವರ ಗಿಳಿಕೊಕ್ಕಿನದ್ದು. ನೆಂಟರು ಯಾತ್ರೆಗೆ ಹೊರಟು "ನಿಮಗೆ ಎಂತ ತರಬೇಕು?" ಎಂದು ಕೇಳಿದರೆ ಬೇರೆಯವರು ಸೀರೆ, ಸರ ಅನ್ನುತ್ತಾರೆ. ಇವರದ್ದು ಒಂದೇ ಉತ್ತರ: "ಆ ಊರಿನವರು ದಿನಾ ಕಿಸೆಯಲ್ಲಿ ಇಟ್ಟುಕೊಳ್ಳುವಂಥ ಕತ್ತಿ ಒಂದು ತನ್ನಿ. ಪೇಟೆಯ ಹೊಳೆಯುವಂಥದ್ದು ಬೇಡ, ಕಮ್ಮಾರ ಮಾಡಿದ್ದು ಬೇಕು." ಪಾಪ, ಕಾಶಿಗೆ ಹೋದವರೊಬ್ಬರು ಗಂಗೆಯ ದಡ ಬಿಟ್ಟು ಕಮ್ಮಾರನ ಗಲ್ಲಿ ಹುಡುಕಿಕೊಂಡು ತಿರುಗಿದ್ದರಂತೆ.

ಸಂಗ್ರಹ ಎಂದರೆ ಗಾಜಿನ ಕಪಾಟಿನಲ್ಲಿ ಇಟ್ಟು ನೋಡುವುದಲ್ಲ ಅವರಿಗೆ. ವಾರಕ್ಕೊಂದು ಕತ್ತಿ. ಆದಿತ್ಯವಾರ ಬೆಳಿಗ್ಗೆ ಸುರುಳಿ ಬಿಚ್ಚಿ, ಹಳೆಯದನ್ನು ಮಸೆದು, ಅಲಗಿಗೆ ತೆಂಗಿನೆಣ್ಣೆ, ಕೀಲಿಗೆ ಹೊಲಿಗೆ ಮಿಷನಿನ ಎಣ್ಣೆ ಹಾಕಿ ಕಿಸೆಗೆ ಸೇರಿಸಿ, ಮುಂದಿನದ್ದನ್ನು ಸೊಂಟಕ್ಕೆ ಏರಿಸುವುದು. "ಕೆಲಸ ಇಲ್ಲದಿದ್ದರೆ ಕೀಲು ಹಿಡಿಯುತ್ತದೆ," ಎನ್ನುತ್ತಿದ್ದರು. "ಕತ್ತಿಯದ್ದೂ ಅಷ್ಟೆ, ಮನುಷ್ಯನದ್ದೂ ಅಷ್ಟೆ." ಇನ್ನೊಂದು ನಿಯಮ: ಕತ್ತಿಯನ್ನು ಕೈಯಿಂದ ಕೈಗೆ ಕೊಡಬಾರದು. ಕೊಡುವವರು ನೆಲದಲ್ಲಿ ಇಡಬೇಕು, ಬೇಕಾದವರು ಎತ್ತಿಕೊಳ್ಳಬೇಕು. ಇನ್ನೊಬ್ಬರ ಕೈಯಿಂದ ಕಿತ್ತುಕೊಳ್ಳುವುದಂತೂ ಮಹಾಪಾಪ.

ಈ ಹುಚ್ಚು ಎಲ್ಲಿಂದ ಹಿಡಿಯಿತು ಎಂದು ಒಮ್ಮೆ ಕೇಳಿದೆ. ಹೊಸದಾಗಿ ಮದುವೆಯಾಗಿ ಬಂದಾಗ ಮಾವ ಪೂಜೆ ಮಾಡುವ ದೇವಸ್ಥಾನದಲ್ಲಿ ಬಾಳೆಲೆ, ಹೂವಿನ ಕೆಲಸವೆಲ್ಲ ಅತ್ತೆಯದ್ದು. "ಒಂದು ಬಾಳೆನಾರು ಕೊಯ್ಯಬೇಕಾದರೂ ಯಾರಾದರೂ ಗಂಡಸಿನ ಹತ್ತಿರ ಹೋಗಿ 'ಸ್ವಲ್ಪ ಕತ್ತಿ ಕೊಡಿ' ಅಂತ ನಿಲ್ಲಬೇಕಿತ್ತು. ಅವರು ತಮ್ಮ ಮಾತು ಮುಗಿಸಿ ಕೊಡುವವರೆಗೆ ನಾನು ಅಲ್ಲೇ ಕಂಬದ ಹಾಗೆ. ಒಂದು ದಿನ ಬೇಜಾರಾಯಿತು ನೋಡು, ನನ್ನದೇ ಒಂದು ಮಾಡಿಸಿಕೊಂಡೆ." ಆಮೇಲೆ ಯಾರ ಹತ್ತಿರವೂ ಕೇಳಲಿಲ್ಲ. ಬದಲಿಗೆ ಊರೇ ಅವರ ಹತ್ತಿರ ಕೇಳುವ ಹಾಗಾಯಿತು. ಮದುವೆ ಹಾಲ್‌ನಲ್ಲಿ ಹಾರದ ದಾರ ಗಂಟು ಬಿದ್ದರೆ, ಅಡುಗೆಯವರಿಗೆ ಮೂಟೆ ಬಿಚ್ಚಬೇಕಾದರೆ, "ದೇರೆಬೈಲಿನ ಅಮ್ಮ ಬಂದಿದ್ದಾರಾ?" ಎಂದು ಹುಡುಕಿಕೊಂಡು ಬರುತ್ತಿದ್ದರು. ಆಗ ಅವರ ಪಕ್ಕದಲ್ಲಿ ಕೂತ ನನ್ನ ಜಂಬ ನೋಡಬೇಕಿತ್ತು ನೀವು.

ಒಮ್ಮೆ ಅತ್ತೆಯನ್ನು ಶಾಪಿಂಗ್ ಮಾಲ್‌ಗೆ ಕರೆದುಕೊಂಡು ಹೋಗಿದ್ದೆ. ಬಾಗಿಲಲ್ಲಿ ಯಂತ್ರ ಪೀಂ ಎಂದಿತು. ಕಾವಲಿನ ಹುಡುಗಿ ಅತ್ತೆಯ ಚೀಲವನ್ನೆಲ್ಲ ತಡಕಾಡಿದಳು, ಏನೂ ಸಿಗಲಿಲ್ಲ. ಅತ್ತೆಗೆ ಪಾಪ ಅನಿಸಿತು. ಸೊಂಟದಿಂದ ಕತ್ತಿ ತೆಗೆದು ಮೇಜಿನ ಮೇಲಿಟ್ಟು, "ನೀನು ಹುಡುಕುವುದು ಇದನ್ನಾ ಮಗಾ?" ಎಂದರು. ಆ ಹುಡುಗಿ ಬೆಚ್ಚಿ ಮೇಲಿನವರನ್ನು ಕರೆದು, ಅವರು ಬಂದು, ಕೊನೆಗೆ ಟೋಕನ್ ಕೊಟ್ಟು ಇಟ್ಟುಕೊಂಡರು. ಒಳಗೆ ಅತ್ತೆಗೆ ಒಂದೂ ರುಚಿಸಲಿಲ್ಲ. ಅರ್ಧ ಗಂಟೆಗೆ, "ಸಾಕು, ಹೋಗುವ. ಸೊಂಟ ಖಾಲಿ ಖಾಲಿ ಅನಿಸ್ತದೆ," ಎಂದು ಹೊರಟೇಬಿಟ್ಟರು. ನಾನು ನಕ್ಕೆ. ಆ ಮಾತನ್ನು ನಗುವಷ್ಟಕ್ಕೇ ಬಿಟ್ಟದ್ದು ನನ್ನ ತಪ್ಪು.

ಯಾಕೆಂದರೆ ಎಪ್ಪತ್ತೆರಡನೆಯ ವಯಸ್ಸಿನಲ್ಲಿ ಅವರ ಬಲಗೈ ನಡುಗಲು ಶುರುವಾಯಿತು. ಡಾಕ್ಟರು ಪಾರ್ಕಿನ್ಸನ್ ಎಂದರು, ಮಾತ್ರೆ ಬರೆದರು. ಕಾಫಿ ಲೋಟ ತಟ್ಟೆಯ ಮೇಲೆ ಕಟಕಟ ಅನ್ನತೊಡಗಿತು. ನನ್ನ ಗಂಡನ ಅಣ್ಣ, ನನ್ನ ಭಾವ, ಬೈಕಂಪಾಡಿಯ ಒಂದು ಫ್ಯಾಕ್ಟರಿಯಲ್ಲಿ ಸೇಫ್ಟಿ ಆಫೀಸರ್. ಊರಿಗೆಲ್ಲ ಹೆಲ್ಮೆಟ್ ಹಾಕಿಸುವ ಮನುಷ್ಯ. ನಮ್ಮ ಹಿಂದಿನ ಗಲ್ಲಿಯಲ್ಲೇ ಮನೆ. ಒಂದು ಸಂಜೆ ಬಂದು ನನ್ನನ್ನು ಅಂಗಳಕ್ಕೆ ಕರೆದು, "ಅಮ್ಮನ ಕತ್ತಿಗಳನ್ನು ಇನ್ನು ಇಡುವ ಹಾಗಿಲ್ಲ. ಕೇಳಿದರೆ ಕೊಡುವುದಿಲ್ಲ. ನೀನೇ ಉಪಾಯದಲ್ಲಿ ತೆಗೆ," ಎಂದರು. ನನ್ನ ಗಂಡ ಎಂದಿನಂತೆ ಚಪ್ಪಲಿ ನೋಡುತ್ತಾ ನಿಂತರು.

ನಾನು ತೆಗೆದೆ. ಬರೆಯಲು ನಾಚಿಕೆಯಾಗುತ್ತದೆ, ಆದರೆ ತೆಗೆದವಳು ನಾನೇ. ಅವರು ಸ್ನಾನಕ್ಕೆ ಹೋಗಿದ್ದಾಗ ಬಚ್ಚಲಿನ ಕಿಟಕಿಯ ಹೊರದಂಡೆಯಲ್ಲಿಟ್ಟ ಆ ವಾರದ ಕತ್ತಿಯನ್ನು ಎತ್ತಿ, ಕಪಾಟಿನ ಸುರುಳಿಯ ಜೊತೆ ಭಾವನ ಕಾರಿನಲ್ಲಿ ಇಟ್ಟುಬಂದೆ. ಅತ್ತೆ ಹೊರಗೆ ಬಂದು ಕಿಟಕಿ ನೋಡಿದರು. ಸೊಂಟ ಮುಟ್ಟಿಕೊಂಡರು. ನನ್ನ ಮುಖ ನೋಡಿದರು. ಬೈದರೆ ಸಾಕು ಎಂದು ಕಾಯುತ್ತಿದ್ದೆ. "ಕಾಫಿ ಉಂಟಾ?" ಎಂದರು, ಅಷ್ಟೆ.

ಆಮೇಲೆ ಅವರು ಅಡುಗೆಮನೆಗೆ ಬರುವುದನ್ನೇ ಬಿಟ್ಟರು. ಜಗಲಿಯ ಕುರ್ಚಿಯಲ್ಲಿ ಕೂತು ಮಡಿಲಲ್ಲಿ ಕೈ ಇಟ್ಟುಕೊಂಡು ಅದು ನಡುಗುವುದನ್ನೇ ನೋಡುತ್ತಿದ್ದರು. ದಿನದಿಂದ ದಿನಕ್ಕೆ ನಡುಕ ಜಾಸ್ತಿಯಾಯಿತು. ಭಾವ, "ನೋಡು, ಆವತ್ತೇ ತೆಗೆದದ್ದು ಒಳ್ಳೆಯದಾಯ್ತಲ್ಲ," ಎಂದರು. ನಾನೂ ಹೌದೆಂದುಕೊಂಡೆ. ಮೂರನೆಯ ವಾರ ಅವರಿಗೆ ಮಾತ್ರೆ ಕೊಡುವಾಗ ನೋಡುತ್ತೇನೆ, ಎಡಗೈ ಹೆಬ್ಬೆರಳಿನ ಉಗುರು ಇಲ್ಲ. ಉಳಿದ ಒಂಬತ್ತರ ಹಾಗೆಯೇ ಗಿಡ್ಡ.

"ಇದೆಂತ ಅತ್ತೆ, ಉಗುರು?"

"ಇನ್ನು ಅದು ಎಂತಕ್ಕೆ?"

ಉಟ್ಟ ಬಟ್ಟೆಯಲ್ಲೇ ಹಿಂದಿನ ಗಲ್ಲಿಗೆ ಹೋದೆ. "ಭಾವ, ಸುರುಳಿ ಕೊಡಿ," ಎಂದೆ. "ಹುಚ್ಚಾ ನಿನಗೆ? ಕೈ ಕೊಯ್ದುಕೊಂಡರೆ ಯಾರು ಜವಾಬ್ದಾರಿ?" ಎಂದರು. "ನಾನು! ಬರೆದುಕೊಡಬೇಕಾ?" ಎಂದು ಕೂಗಿದೆ. ಆ ಮನುಷ್ಯನ ಎದುರು ನಾನು ಅಷ್ಟು ದೊಡ್ಡ ಸ್ವರ ತೆಗೆದದ್ದು ಅದೇ ಮೊದಲು. ಅವರು ಸುರುಳಿ ಎತ್ತಿಕೊಂಡು ನನ್ನ ಹಿಂದೆಯೇ ಬಂದರು. ಕೊಡಲಿಕ್ಕೆ ಅಲ್ಲ, ಅಮ್ಮನಿಂದ ಆಗುವುದಿಲ್ಲ ಎಂದು ನನಗೆ ತೋರಿಸಲಿಕ್ಕೆ.

ಜಗಲಿಯಲ್ಲಿ ಸುರುಳಿ ಬಿಚ್ಚಿ ನೆಲದ ಮೇಲೆ ಹಾಸಿದರು. ಪಕ್ಕದಲ್ಲಿ ಒಂದು ಮೂಸಂಬಿ ಇಟ್ಟು, "ಸಿಪ್ಪೆ ತೆಗೀತೀಯಾ ಅಮ್ಮ?" ಎಂದರು. ಅತ್ತೆ ಕುರ್ಚಿಯಿಂದ ಇಳಿದು ಕೂತರು. ಇಪ್ಪತ್ತಮೂರನ್ನೂ ಎಣಿಸಿದರು. ಹಲಸಿನ ಹಿಡಿಯದ್ದನ್ನು ಎತ್ತಿಕೊಂಡು ತೆರೆಯಲು ಹೋದರೆ ಉಗುರು ಎಲ್ಲಿದೆ? ಬೆರಳು ಅಲಗಿನ ಮೇಲೆ ಜಾರಿತು. ಭಾವ ನನ್ನತ್ತ ನೋಡಿದರು. ಅತ್ತೆ ಕತ್ತಿಯನ್ನು ನೆಲದ ಮೇಲಿಟ್ಟು, "ಉಗುರಿಲ್ಲ, ನೀನು ಬಿಡಿಸು," ಎಂದರು. ನಾನು ಎತ್ತಿ, ಬಿಡಿಸಿ, ಅವರ ಮುಂದೆ ನೆಲದ ಮೇಲೆ ಇಟ್ಟೆ.

ಅವರ ಕೈ ಗಾಳಿಯಲ್ಲಿ ಗಡಗಡ ನಡುಗುತ್ತಿತ್ತು. ನಾನು ಕಣ್ಣು ಮುಚ್ಚಿಕೊಳ್ಳಬೇಕು ಎಂದುಕೊಂಡೆ, ಆಗಲಿಲ್ಲ. ಅಲಗು ಹಣ್ಣಿಗೆ ತಾಗಿತು. ನಡುಕ ನಿಂತಿತು! ಪೂರ್ತಿ ಅಲ್ಲ, ಆದರೆ ಕೆಲಸಕ್ಕೆ ಸಾಕಾಗುವಷ್ಟು ನಿಂತಿತು. ಮೂಸಂಬಿ ಮೆಲ್ಲಗೆ ತಿರುಗಿತು, ಸಿಪ್ಪೆ ಒಂದೇ ಪಟ್ಟಿಯಾಗಿ ಕೆಳಗಿಳಿಯತೊಡಗಿತು. ಮಧ್ಯೆ ಎರಡು ಸಲ ನಿಲ್ಲಿಸಿದರು. ಕೈ ಎತ್ತಿದ ಕೂಡಲೇ ಮತ್ತೆ ನಡುಕ, ಹಣ್ಣಿಗೆ ಇಟ್ಟ ಕೂಡಲೇ ಶಾಂತ. ಹತ್ತು ನಿಮಿಷ ಹಿಡಿದಿರಬಹುದು. ಎಲ್ಲೂ ತುಂಡಾಗದ ಸಿಪ್ಪೆಯನ್ನು ಮಗನ ಮುಂದೆ ಇಟ್ಟು ಹೇಳಿದರು: "ಸುಮ್ಮನೆ ಕೂರಿಸಿದರೆ ಈ ಕೈ ನಡುಗ್ತದೆ. ಕೆಲಸ ಕೊಟ್ಟರೆ ನಿಲ್ತದೆ. ನನ್ನನ್ನು ಯಾರಾದರೂ ಕೇಳಿದ್ರಾ?"

ಭಾವ ಸಿಪ್ಪೆಯನ್ನು ಎತ್ತಿ ಉದ್ದಕ್ಕೂ ನೋಡಿದರು. ಆಮೇಲೆ, "ಗ್ಲೌಸ್ ಆದರೂ ಹಾಕಿಕೋ ಅಮ್ಮ," ಎಂದರು. "ಅದನ್ನು ನಿನ್ನ ಫ್ಯಾಕ್ಟರಿಯಲ್ಲಿ ಹಾಕು," ಎಂದರು ಅತ್ತೆ.

ಅವರು ಹೋದ ಮೇಲೆ ನನ್ನ ಸರದಿ. ಅತ್ತೆ ಮೆಲ್ಲಗೆ, "ಕೇಳಿದ್ದರೆ ನಾನೇ ತೆಗೆದು ನೆಲದಲ್ಲಿ ಇಡ್ತಿದ್ದೆ. ಕದಿಯಬಾರದಿತ್ತು ನೀನು," ಎಂದರು. ನಾನು ಅಲ್ಲೇ ಕೂತು ಅತ್ತುಬಿಟ್ಟೆ. ಒಂದಿಷ್ಟು ಹೊತ್ತು ಅಳಲು ಬಿಟ್ಟು, "ಸಾಕು, ಮೂಸಂಬಿ ತಿನ್ನು," ಎಂದರು. ಡಾಕ್ಟರಿಗೆ ಇದನ್ನೆಲ್ಲ ಹೇಳಿದಾಗ ಅವರು ನಕ್ಕು, ಈ ಕಾಯಿಲೆಯ ನಡುಕ ಹಲವರಲ್ಲಿ ಹಾಗೆಯೇ, ಕೂತುಕೊಂಡು ಬೆಳಕಿನಲ್ಲಿ ಮಾಡಲಿ ಎಂದರು.

ಮತ್ತೆ ಎರಡೂವರೆ ವರ್ಷ ಅತ್ತೆ ಕತ್ತಿ ಕಟ್ಟಿಕೊಂಡೇ ಓಡಾಡಿದರು. ಎರಡು ಸಲ ಬೆರಳು ಕೊಯ್ದುಕೊಂಡರು, ಸುಳ್ಳು ಯಾಕೆ ಹೇಳಲಿ. ಆದರೆ ತರಕಾರಿ ಹೆಚ್ಚುವ ಕೆಲಸವನ್ನು ಯಾರಿಗೂ ಬಿಟ್ಟುಕೊಡಲಿಲ್ಲ. ನಾನು ಶಾಲೆಯಲ್ಲಿ ಪಾಠ ಮಾಡುವವಳು. ಮಕ್ಕಳ ತಪ್ಪನ್ನು ಕೆಂಪು ಶಾಯಿಯಲ್ಲಿ ಗುರುತಿಸಿದ್ದು ಸಾವಿರ ಸಲ ಇರಬಹುದು. ನನ್ನ ತಪ್ಪನ್ನು ಹೀಗೆ ನೇರ ಹೇಳಿ, ಹೇಳಿದ ದಿನವೇ ಮರೆತುಬಿಟ್ಟವರು ಅವರೊಬ್ಬರೇ.

ಹೋದ ವರ್ಷ ಒಂದು ಬುಧವಾರ, ನನಗೆ ರಜೆ. ಬೆಳಿಗ್ಗೆ ಅತ್ತೆ ಅಲಸಂಡೆಯ ಉದ್ದ ಕಾಯಿಗಳನ್ನು ಹೆಚ್ಚಿಟ್ಟು, "ಸ್ವಲ್ಪ ಮಲಗ್ತೇನೆ, ಪಲ್ಯಕ್ಕೆ ತೆಂಗಿನಕಾಯಿ ಜಾಸ್ತಿ ಹಾಕು," ಎಂದು ಒಳಗೆ ಹೋದವರು ಏಳಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಮನೆ ತುಂಬ ಜನ. ಒಲೆ ಹಚ್ಚುವ ಹಾಗಿಲ್ಲವಲ್ಲ, ಪಕ್ಕದ ಮನೆಯಾಕೆ ಅಲಸಂಡೆಯ ಬುಟ್ಟಿಯನ್ನು ಹಸುವಿಗೆ ಹಾಕಲು ಎತ್ತಿಕೊಂಡು ಹೊರಟಿದ್ದಳು. ನಾನು ಓಡಿಹೋಗಿ ಹಿಡಿದುಕೊಂಡೆ.

ಭಾವ ಫ್ಯಾಕ್ಟರಿಯಿಂದ ಶೂ ಸಮೇತ ಓಡಿಬಂದರು. ಅವರು ಅಮ್ಮನ ಹತ್ತಿರ ಹೋಗಿ ಕೂತು ಎದ್ದ ಮೇಲೆ ಬುಟ್ಟಿಯನ್ನು ಅವರ ಮುಂದೆ ಹಿಡಿದೆ. ಅವರು ಒಂದು ಹಿಡಿ ತೆಗೆದು ಅಂಗೈಯಲ್ಲಿ ಹರಡಿ, ಬೆರಳಲ್ಲಿ ಒಂದೊಂದನ್ನೇ ಸರಿಸಿ ನೋಡಿದರು. ಎಲ್ಲವೂ ಬೆರಳಿನ ಒಂದು ಗೆಣ್ಣಿನಷ್ಟು, ಒಂದೂ ಹೆಚ್ಚಿಲ್ಲ, ಒಂದೂ ಕಡಿಮೆಯಿಲ್ಲ. "ಒಂದೇ ಅಳತೆ," ಎಂದರು. ಹಾಗೆಂದು ಗೋಡೆಗೆ ಮುಖ ಮಾಡಿ ಅತ್ತರು.

ಸಂಜೆಯವರೆಗೂ ಬಂದವರಿಗೆಲ್ಲ ನಾನು ಆ ಬುಟ್ಟಿ ತೋರಿಸಿದೆ. ಸಾವಿನ ಮನೆಯಲ್ಲಿ ಇದೆಂತ ಹುಚ್ಚು ಎಂದು ಕೆಲವರು ಅಂದುಕೊಂಡಿರಬೇಕು. ಅಂದುಕೊಳ್ಳಲಿ. "ನೋಡಿ," ಎಂದೆ ಒಬ್ಬೊಬ್ಬರಿಗೂ, "ಇವತ್ತು ಬೆಳಿಗ್ಗೆ ನಮ್ಮ ಅತ್ತೆ ಹೆಚ್ಚಿದ್ದು."