ಹಾರಕ್ಕೊಂದಿಷ್ಟು ಜಾಗ

"ನಾ ಸತ್ತ ಮ್ಯಾಲ ಗ್ವಾಡಿಗೆ ಹಾಕಾಕ ಒಂದು ಫೋಟೋ ತಗಿಯಪಾ." ಹೊಸ ಇಳಕಲ್ ಸೀರೆ ಉಟ್ಟ ಅಜ್ಜಿ ಕಿಟಕಿಯ ಪಕ್ಕ ಕುರ್ಚಿ ಹಾಕಿಕೊಂಡು ಕೂತೇ ಬಿಟ್ಟಿದ್ದಳು. ತಾರ್ನಾಕ ಬಡಾವಣೆಯಲ್ಲಿನ ಭಾನುವಾರದ ಫೋಟೋಗ್ರಫಿ ತರಗತಿ ಮುಗಿಸಿ ನಾನು ಆಗಷ್ಟೇ ಮನೆಗೆ ಬಂದಿದ್ದೆ. "ಬಿಡ್ತು ಅನ್ರಿ ಅತ್ತಿ!" ಎಂದು ಅವ್ವ ಅಡುಗೆಮನೆಯಿಂದಲೇ ಕೂಗಿದಳು.

ಅಜ್ಜಿ ಗೋಡೆಯ ಮೇಲಿನ ಅಜ್ಜನ ಫೋಟೋ ತೋರಿಸಿದಳು. ಹಳೆಯ ಮದುವೆಯೊಂದರ ಗುಂಪು ಫೋಟೋದಿಂದ ಕತ್ತರಿಸಿ ದೊಡ್ಡದು ಮಾಡಿಸಿದ್ದು. ಪಕ್ಕದಲ್ಲಿ ನಿಂತವನ ಕೈ ಅಜ್ಜನ ಹೆಗಲ ಮೇಲೆ ಹಾಗೇ ಉಳಿದಿದೆ. "ಯಾರ ಕೈನೋ ಏನೋ, ದಿನಾ ಅದಕ್ಕೂ ಊದಿನಕಡ್ಡಿ ಬೆಳಗಾಕತ್ತೀನಿ. ನನಗ ಹಂಗ ಆಗಬಾರದು ನೋಡು."

ನಮ್ಮ ಮನೆತನದ ಮೊದಲ ಪದವೀಧರ ನಾನು, ಕಲಿತದ್ದನ್ನು ಸುಮ್ಮನೆ ಬಿಡುವವನಲ್ಲ. ಗುರುಗಳು ಹೇಳಿದಂತೆ ಮುಖವೇ ತುಂಬಿಕೊಳ್ಳುವ ಹಾಗೆ ತೆಗೆದೆ. ನೋಡಿದ ಅಜ್ಜಿ, "ಹಾರ ಎಲ್ಲಿ ಹಾಕ್ತೀ, ಮೂಗಿನ ಮ್ಯಾಲೇನು?" ಎಂದು ತಾನೇ ಬಿದ್ದು ಬಿದ್ದು ನಕ್ಕಳು. ಆ ನಗುವನ್ನೇ, ಸುತ್ತ ಜಾಗ ಬಿಟ್ಟು, ಕ್ಲಿಕ್ಕಿಸಿದೆ.

ಈಗ ಬಂದವರಿಗೆಲ್ಲ ಅಜ್ಜಿ ಅದನ್ನು ತೋರಿಸುತ್ತಾಳೆ. ಫೋಟೋಗಳಿಂದ ಏನೇನು ಉಪಯೋಗವಿದೆ ಎಂದು ತರಗತಿಯಲ್ಲಿ ಬಹಳ ಹೇಳಿಕೊಟ್ಟರು. ಈ ಒಂದು ಫೋಟೋ ಮಾತ್ರ ಇನ್ನೂ ಬಹಳ ಕಾಲ ಉಪಯೋಗಕ್ಕೆ ಬರದಿರಲಿ.