ಜರಿ ಕೋಟಿನ ಇಟ್ಟಿಗೆಯಾಳು

ಹೋದ ತಿಂಗಳು ಗೋದಾಮು ಖಾಲಿ ಮಾಡುವಾಗ ಹಳೆಯ ಟ್ರಂಕೊಂದನ್ನು ತೆರೆದೆ. ಕೊಬ್ಬರಿ ಎಣ್ಣೆಯಲ್ಲಿ ಕಲಸಿದ ಮುಖದ ಬಣ್ಣದ ವಾಸನೆ ಮೂಗಿಗೆ ಹೊಡೆಯಿತು. ಅದರ ಹಿಂದೆಯೇ ಹದಿನಾರು ಎಂಬ ಊರಿನ ಹಾರ್ಮೋನಿಯಂ ಮೇಷ್ಟ್ರು ನೆನಪಾದರು...

ನಂಜನಗೂಡಿನಲ್ಲಿ ನಾಟಕಗಳಿಗೆ ಪರದೆ, ಪೋಷಾಕು ಬಾಡಿಗೆಗೆ ಕೊಡುವುದು ನನ್ನ ಕಸುಬು. ಒಂದೇ ಒಂದು ಪರದೆಯಿಂದ ಮೇಲೆ ಬಂದವನು. ಚೌಕಾಸಿಯಲ್ಲಿ ನನ್ನನ್ನು ಸೋಲಿಸಿದವರು ಕಡಿಮೆ. ನಮ್ಮ ಕಡೆ ಪೌರಾಣಿಕ ನಾಟಕವೆಂದರೆ ಹೊಲ ಗೇಯುವವನೂ ಒಂದು ದಿನ ಕಿರೀಟ ಇಟ್ಟುಕೊಳ್ಳುತ್ತಾನೆ. ಅಂಥ ನಾಟಕ ಕಲಿಸುತ್ತಿದ್ದ ಮೇಷ್ಟ್ರು ಒಮ್ಮೆ ಬರೀ ಬಿಳಿ ಪರದೆ ಕೇಳಿಕೊಂಡು ಬಂದರು.

"ಇಟ್ಟಿಗೆ ಗೂಡಿನವರ ನಾಟಕ ಬರ್ದಿದೀನಿ ಯಜಮಾನ್ರೇ. ಪೂರಾ ಹಾಡಲ್ಲೇ ನಡೀತದೆ."

"ಅಲ್ಲಾ ಮೇಷ್ಟ್ರೇ, ಇಟ್ಟಿಗೆ ಹೊರೋದ ನೋಡಕ್ಕೆ ಯಾರ್ ಬತ್ತಾರೆ? ದಾರೀಲೇ ಕಾಣ್ತದಲ್ಲ!"

"ನಮ್ಮವ್ವ ಬತ್ತಾಳೆ," ಎಂದರು.

ಅವರವ್ವ ತಿ. ನರಸೀಪುರದ ಹತ್ತಿರದ ಗೂಡಿನಲ್ಲಿ ಇಟ್ಟಿಗೆ ಹೊತ್ತು ಮಗನನ್ನು ಹಾರ್ಮೋನಿಯಂ ಪಾಠಕ್ಕೆ ಕಳಿಸಿದವರು. ಹೊರುವಾಗ ಆಕೆ ಹೇಳಿಕೊಳ್ಳುತ್ತಿದ್ದ ಪದಗಳ ಮಟ್ಟನ್ನೇ ಮೇಷ್ಟ್ರು ನಾಟಕಕ್ಕೆ ಹಾಕಿದ್ದರು. ಅವ್ವನ ಕಿವಿ ಪೂರ್ತಿ ಮಂದವಾಗುವ ಮೊದಲು, ಆ ಹಾಡುಗಳನ್ನು ಒಮ್ಮೆ ರಂಗದ ಮೇಲಿಂದ ಕೇಳಿಸಬೇಕು... ಅಷ್ಟೇ ಅವರ ಆಸೆ.

ಭಾನುವಾರ ಮಧ್ಯಾಹ್ನ ನಾಟಕ. ಮುಖ್ಯ ಪಾತ್ರ ಹೆಮ್ಮಿಗೆ ಊರಿನ ಒಬ್ಬನದು. ನಿಜವಾಗಿಯೂ ಗೂಡಿನಲ್ಲೇ ಕೆಲಸ ಮಾಡುವವನು, ಒಳ್ಳೆಯ ಕಂಠ. ಪರದೆ ಏಳುವ ಮೊದಲು ನನ್ನ ತೋಳು ಹಿಡಿದೆಳೆದ.

"ಸಾ, ಸ್ಟೇಜ್ ಮ್ಯಾಲೂ ಇದೇ ಅರ್ದೋದ್ ಬನೀನಾ? ಎಂಡ್ತಿ ಕಡೆಯೋರೆಲ್ಲಾ ಬಂದವ್ರೆ. ಏನಾರಾ ಒಳ್ಳೇದ್ ಕೊಡಿ ಸಾ."

ಮೇಷ್ಟ್ರು ಆಚೆ ಶ್ರುತಿ ನೋಡುತ್ತಿದ್ದರು. ಒಂದು ಮಾತು ಕೇಳಬೇಕಿತ್ತು. ಕೇಳಲಿಲ್ಲ. ಎಲ್ಲಿಗೆ ಹೋದರೂ ಒಯ್ಯುವ ಪೋಷಾಕಿನ ಪೆಟ್ಟಿಗೆಯಿಂದ ರಾಜನ ಜರಿ ಕೋಟು ತೆಗೆದುಕೊಟ್ಟೆ, ಜೊತೆಗೆ ಬುದ್ಧಿಯನ್ನೂ: "ಜನ ಮೊದ್ಲು ನೋಡೋದೇ ಡ್ರೆಸ್ ಕಣಪ್ಪ."

ಪರದೆ ಎದ್ದಿತು. ಜರಿ ಕೋಟು ತೊಟ್ಟವನು ತಲೆಯ ಮೇಲೆ ಇಟ್ಟಿಗೆ ಹೊತ್ತು ಬಂದ. "ಲೇ, ಮಾರಾಜ್ರು ಕೂಲಿಗ್ ಬಂದವ್ರೆ ಕಣ್ಲಾ!" ಎಂದು ಯಾರೋ ಕೂಗಿದರು. ಸಭೆ ಬಿದ್ದು ಬಿದ್ದು ನಕ್ಕಿತು. ಗೂಡಿನ ಬಳಿ ಮಗು ಕಳೆದುಕೊಂಡವನ ಹಾಡಿಗೂ ನಕ್ಕಿತು. ಮುಂದಿನ ಸಾಲಿನಲ್ಲಿದ್ದ ಅವ್ವ, ರಂಗದ ಮುಂದೆಯೇ ಹಾರ್ಮೋನಿಯಂ ನುಡಿಸುತ್ತಿದ್ದ ಮಗನತ್ತ ಬಾಗಿದರು.

"ಯಾಕ್ಲಾ ಮಗ ನಗ್ತಾವ್ರೆ? ನಾ ಪದ ಏಳ್ವಾಗ ಯಾರೂ ನಗ್ತಿರ್ನಿಲ್ವಲ್ಲಾ..."

ಮೇಷ್ಟ್ರ ಬೆರಳುಗಳು ಹಾರ್ಮೋನಿಯಂ ಮೇಲೆ ಹಾಗೆಯೇ ನಿಂತುಬಿಟ್ಟವು.

ಅವರು ನನ್ನನ್ನು ಬೈಯಲಿಲ್ಲ. ಪರದೆಯನ್ನು ನೀಟಾಗಿ ಮಡಿಸಿ ತಂದುಕೊಟ್ಟು, "ಮೊದ್ಲೇ ನಿಮ್ಗೆ ಹಾಡು ಕೇಳಿಸ್ಬೇಕಿತ್ತು ನಾನು," ಎಂದರು. ಬೈದಿದ್ದರೆ ಚೆನ್ನಾಗಿತ್ತು. ಮುಂದಿನ ಸುಗ್ಗಿಯ ಹೊತ್ತಿಗೆ ಅವ್ವ ಇರಲಿಲ್ಲ. ಮೇಷ್ಟ್ರು ಮತ್ತೆ ಕಿರೀಟದ ನಾಟಕಗಳನ್ನೇ ಕಲಿಸಿಕೊಂಡಿದ್ದು, ಒಂದು ದಿನ ಅವರೂ ಹೋದರು... ಈ ಕಸುಬಿಗೆ ಬರುವವರಿಗೆ ನನ್ನದೊಂದೇ ಮಾತು: ಮೊದಲು ನಾಟಕ ಕೇಳಿ, ಆಮೇಲೆ ಪೆಟ್ಟಿಗೆ ತೆಗೆಯಿರಿ.

ಟ್ರಂಕು ತೆರೆದ ಮರುದಿನವೇ ಹದಿನಾರಿಗೆ ಹೋದೆ. ಮೇಷ್ಟ್ರ ಹೆಂಡತಿ ನಾಟಕದ ನೋಟ್‌ಬುಕ್ಕು ಹುಡುಕಿ ಕೊಟ್ಟರು. ಪದಗಳೆಲ್ಲ ಇದ್ದವು, ಸ್ವರ ಎಲ್ಲೂ ಬರೆದಿರಲಿಲ್ಲ. ಹಾಗೇ ಹೆಮ್ಮಿಗೆಗೆ ಹೋಗಿ ಆ ಪಾತ್ರಧಾರಿಯನ್ನು ಕಂಡೆ. ತಲೆ ನರೆತಿದೆ. ಒಂದೇ ಒಂದು ಹಾಡಿನ ಮಟ್ಟು ಹೇಳಪ್ಪ ಎಂದೆ. ಅವನು ನೆಲ ನೋಡಿದ.

"ಅವತ್ತೇ ಮರ್ತ್‌ಬುಟ್ಟೆ ಸಾ."

ನೋಟ್‌ಬುಕ್ಕು ಈಗ ನನ್ನ ಮೇಜಿನ ಮೇಲಿದೆ. ದಿನವೂ ಓದುತ್ತೇನೆ. ಹಾಡಲು ಮಾತ್ರ ಯಾರಿಗೂ ಬಾರದು.