ಎರಡು ಪಾಲಿನ ತಿಮ್ಮ

ಕೋಟೇಶ್ವರದಿಂದ ಬೀಜಾಡಿಗೆ ಹೋಗುವ ರಸ್ತೆಯಲ್ಲಿ ನನ್ನದೊಂದು ಹೊಲಿಗೆ ಅಂಗಡಿ ಇದೆ. ಪಕ್ಕದ ಕೋಣೆಯಲ್ಲಿ ರಾಜೇಂದ್ರಣ್ಣನ ಸ್ಟುಡಿಯೋ. ನಡುವೆ ಇರುವುದು ಒಂದು ಹಲಗೆಯ ಗೋಡೆ ಮಾತ್ರ. ಹಾಗಾಗಿ ಹದಿನಾಲ್ಕು ವರ್ಷಗಳಿಂದ ನನ್ನ ಮಿಷನ್ನಿನ ಗಡಗಡ ಅವನಿಗೆ ಪುಕ್ಕಟೆ, ಅವನ ಗಿರಾಕಿಗಳ ಮಾತು ನನಗೆ ಪುಕ್ಕಟೆ. ನನ್ನ ಹೆಸರು ವಿನಯಾ. ಆ ಹೆಸರಿಗೂ ನನ್ನ ಬಾಯಿಗೂ ಹೊಂದಿಕೆಯಿಲ್ಲ ಎನ್ನುವವರಿದ್ದಾರೆ, ಇರಲಿ. ಇದ್ದದ್ದನ್ನು ಇದ್ದ ಹಾಗೆ ಹೇಳುವುದು ನನ್ನ ಸ್ವಭಾವ, ಯಾರಿಗೆ ಚುಚ್ಚಿದರೂ ಸರಿ. ಆ ಸ್ವಭಾವದ ಮೇಲೆ ನನಗೆ ಮೊದಲು ಬಹಳ ಹೆಮ್ಮೆ ಇತ್ತು.

ರಾಜೇಂದ್ರಣ್ಣ ಬ್ರಹ್ಮಾವರದವನು. ದಿನಾ ಬೆಳಿಗ್ಗೆ ಬಸ್ಸಿನಲ್ಲಿ ಬಂದು ಬಾಗಿಲು ತೆಗೆಯುತ್ತಾನೆ. ಆಳು ಐದಡಿಗಿಂತ ಸ್ವಲ್ಪ ಮೇಲೆ, ಅಷ್ಟೇ. ಆದರೆ ಊರಿನವರು ಕರೆಯುವುದು ಉದ್ದದ ಫೋಟೋದವ ಎಂದು. ರೀಲಿನ ಕಾಲದಲ್ಲಿ ಒಂದು ಶಾಲೆಯ ಮಕ್ಕಳೆಲ್ಲ ಒಂದೇ ಫೋಟೋದಲ್ಲಿ ಹಿಡಿಸದೆ, ಮೂರು ತುಂಡಾಗಿ ತೆಗೆದು, ಬ್ಲೇಡಿನಲ್ಲಿ ಕೊರೆದು, ಅಂಟು ಹಚ್ಚಿ ಜೋಡಿಸಿದನಂತೆ. ಜೋಡಣೆ ಸರೀ ಹೆಡ್ಮಾಸ್ಟರ ಕಿವಿಯ ಮೇಲೆ ಬಂದು ಅವರಿಗೆ ಒಂದೂವರೆ ಕಿವಿಯಾಯಿತು. ಅವರು ಬೈದರು. ಇವನಿಗೆ ಮಾತ್ರ ಆವತ್ತಿನಿಂದ ಆ ಹುಚ್ಚು ಹಿಡಿಯಿತು. ಆಮೇಲೆ ಬ್ಲೇಡು ಹೋಗಿ ಕಂಪ್ಯೂಟರ್ ಬಂತು. ಮದುವೆ, ಸೀಮಂತ, ಪಾಸ್‌ಪೋರ್ಟ್ ಸೈಜು ಎಲ್ಲ ಹೊಟ್ಟೆಪಾಡಿಗೆ. ಭಾನುವಾರ ಬಂತೆಂದರೆ ಬೈಂದೂರಿನ ಕಡಲಿಗೋ ಗಂಗೊಳ್ಳಿಯ ಬಂದರಿಗೋ ಸ್ಟ್ಯಾಂಡ್ ಹೊತ್ತು ಹೊರಟ. ಆ ಫೋಟೋಗಳನ್ನು ಕೊಳ್ಳುವವರು ಯಾರೂ ಇರಲಿಲ್ಲ. ಸ್ಟುಡಿಯೋದ ಗೋಡೆ ಸಾಲದೆ ನನ್ನ ಅಂಗಡಿಯ ಗೋಡೆಗೂ ಒಂದು ಎಂಟಡಿಯ ಹೊಳೆ ಬಂತು, ಅದರ ಕೆಳಗೆ ನಾನು ರವಿಕೆ ತೂಗುಹಾಕುತ್ತೇನೆ.

ಈ ಉದ್ದದ ಫೋಟೋದ ಕೆಲಸ ಅವನು ಎಷ್ಟು ಸಲ ವಿವರಿಸಿದ್ದಾನೆಂದರೆ ನಾನೇ ತೆಗೆದೇನು. ಸ್ಟ್ಯಾಂಡ್ ಇಟ್ಟಲ್ಲಿಂದ ಕದಲಬಾರದು. ಎಡದಿಂದ ಬಲಕ್ಕೆ ಕ್ಯಾಮೆರಾವನ್ನು ಸ್ವಲ್ಪ ಸ್ವಲ್ಪವೇ ತಿರುಗಿಸುತ್ತಾ ಸಾಲಾಗಿ ಫೋಟೋ ತೆಗೆಯಬೇಕು. ಒಂದರ ಕೊನೆಯ ಭಾಗ ಮುಂದಿನದರಲ್ಲೂ ಬರಬೇಕು, ನಾವು ಹೊಲಿಗೆಗೆಂದು ಅಂಚಿನಲ್ಲಿ ಬಟ್ಟೆ ಬಿಡುತ್ತೇವಲ್ಲ, ಹಾಗೆ. ಕಡಲಿನ ಎದುರು ಕಷ್ಟ ಜಾಸ್ತಿ, ಒಂದು ಫೋಟೋದ ತೆರೆ ಇನ್ನೊಂದರ ತೆರೆಗೆ ಕೂಡುವುದಿಲ್ಲ. ಪ್ರತಿ ಸಲವೂ ತೆರೆ ಹಿಂದೆ ಹೋಗುವ ತನಕ ಕಾಯಬೇಕು. ಇವನು ಕಾಯುತ್ತಾನೆ. ಆದರೆ ಎದುರಿನ ಜನ ಅಷ್ಟು ಹೊತ್ತು ಇದ್ದಲ್ಲೇ ಇರಬೇಕಲ್ಲ.

ಹೋದ ವರ್ಷದ ಹಿಂದಿನ ಅಕ್ಟೋಬರಿನಲ್ಲಿ ಕಡಲತಡಿಯ ಒಂದು ಕೈರಂಪಣಿ ತಂಡದವರು ಇವನನ್ನು ಕರೆದರು. ದೋಣಿಯವರು ಕಡಲಿನಲ್ಲಿ ದೊಡ್ಡ ಬಲೆಯನ್ನು ಬಳಸಿ ಬಿಟ್ಟು ಬಂದ ಮೇಲೆ, ಅದರ ಎರಡು ತುದಿಯ ಹಗ್ಗಗಳನ್ನು ದಡದಿಂದ ಎರಡು ಸಾಲು ಜನ ಎಳೆಯುವ ಮೀನುಗಾರಿಕೆ ಅದು. ಎಳೆಯುತ್ತಾ ಎಳೆಯುತ್ತಾ ಸಾಲು ಮರಳಿನ ಮೇಲೆ ಹಿಂದೆ ಸರಿಯುತ್ತದೆ. ತೀರಾ ಹಿಂದಕ್ಕೆ ಬಂದವನು ಹಗ್ಗ ಬಿಟ್ಟು, ನಡೆದು ನೀರಿನ ಅಂಚಿಗೆ ಹೋಗಿ, ಅಲ್ಲಿ ಮತ್ತೆ ಹಗ್ಗ ಹಿಡಿಯುತ್ತಾನೆ. ಬಲೆ ದಡಕ್ಕೆ ಬರುವ ತನಕ ಹೀಗೇ ಸುತ್ತು. ಹಗ್ಗಕ್ಕೆ ಕೈ ಹಾಕಿದವನಿಗೆ ಮೀನಿನಲ್ಲಿ ಒಂದು ಪಾಲು. ಎಪ್ಪತ್ತು ಜನರ ಆ ತಂಡಕ್ಕೆ ಎಲ್ಲರೂ ಹಗ್ಗ ಹಿಡಿದಿರುವ ಒಂದೇ ಫೋಟೋ ಬೇಕಿತ್ತು, ಪಾಲು ಹಂಚುವ ಶೆಡ್ಡಿನಲ್ಲಿ ಹಾಕಲಿಕ್ಕೆ. ಸುಮ್ಮನೆ ನಿಲ್ಲಿ ಎಂದು ಇವನು ಹೇಳಿದ. ಬಲೆ ನೀರಿನಲ್ಲಿರುವಾಗ ಯಾರು ನಿಲ್ಲುತ್ತಾರೆ?

ಎಡಗಡೆಯ ಸಾಲಿನ ಕಟ್ಟಕಡೆಗೆ ತಿಮ್ಮಣ್ಣ ಇದ್ದ. ಅರವತ್ತರ ಹತ್ತಿರದ ಸಪೂರ ಮನುಷ್ಯ. ಪ್ರಾಯದಲ್ಲಿ ದೋಣಿಯ ಹುಟ್ಟು ಬಡಿದು ಮೇಲಿನ ಎರಡು ಹಲ್ಲು ಹೋಗಿದ್ದವು. ಅಂದಿನಿಂದ ಕ್ಯಾಮೆರಾ ಕಂಡರೆ ತುಟಿ ಬಿಗಿದು ಮುಖ ತಿರುಗಿಸುತ್ತಿದ್ದ, ಮೊಬೈಲಿಗೂ ಸಿಗುತ್ತಿರಲಿಲ್ಲ. ಆವತ್ತು ಕ್ಯಾಮೆರಾ ತನ್ನನ್ನು ದಾಟಿಹೋಯಿತು ಎಂದುಕೊಂಡ. ಹಗ್ಗ ಬಿಟ್ಟು, ಕೈ ಕೊಡವಿ, ಪಕ್ಕದವನು ಹೇಳಿದ ಯಾವುದೋ ಮಾತಿಗೆ ಬಾಯಿ ತುಂಬ ನಕ್ಕ. ಕ್ಯಾಮೆರಾ ಇನ್ನೂ ಅವನ ಮೇಲೆಯೇ ಇತ್ತು. ಆಮೇಲೆ ನಡೆದುಹೋಗಿ ನೀರಿನ ಅಂಚಿನಲ್ಲಿ, ಕಡಲಿನ ಕಡೆ ಮುಖ ಮಾಡಿ ಬಗ್ಗಿ ಹಗ್ಗ ಹಿಡಿದ. ಅಷ್ಟರಲ್ಲಿ ಕ್ಯಾಮೆರಾವೂ ನಿಧಾನಕ್ಕೆ ತಿರುಗಿ ಅಲ್ಲಿಗೆ ಬಂದಿತ್ತು. ಇಪ್ಪತ್ತೊಂದು ಫೋಟೋ ಜೋಡಿಸಿ ನೋಡಿದರೆ ಒಂದೇ ಕಡಲಿನಲ್ಲಿ ಇಬ್ಬರು ತಿಮ್ಮಣ್ಣ. ಒಬ್ಬ ನಗುತ್ತಿದ್ದಾನೆ, ಇನ್ನೊಬ್ಬನ ಬೆನ್ನು ಮಾತ್ರ.

ತಿಮ್ಮಣ್ಣನ ಹೆಂಡತಿ ಪದ್ದಕ್ಕ ಮೀನಿನ ಬುಟ್ಟಿ ಹೊತ್ತು ದಿನಾ ನಮ್ಮ ಎದುರೇ ಹೋಗುವವಳು. ರಾಜೇಂದ್ರಣ್ಣ ಅವಳನ್ನು ಕರೆದು ಕಂಪ್ಯೂಟರಿನಲ್ಲಿ ತೋರಿಸಿದ. ಒಬ್ಬನನ್ನು ಸುಧಾರಿಸುವುದೇ ಕಷ್ಟ, ಇನ್ನು ಇಬ್ಬರನ್ನು ಎಂತ ಮಾಡಲಿ ಎಂದು ಅವಳು ನಕ್ಕದ್ದು ನನಗೆ ಗೋಡೆಯಾಚೆ ಕೇಳಿತು, ಎದ್ದು ನಾನೂ ಹೋದೆ. ಮೀನಿನ ಒದ್ದೆ ಬೆರಳಿನಲ್ಲಿ ಅವಳು ಪರದೆಯ ಮೇಲೆ ಗಂಡನ ಹಲ್ಲಿಲ್ಲದ ಸಂದನ್ನು ಮುಟ್ಟಿ ನೋಡಿದಳು. ಅವಳು ಹೋದ ಮೇಲೆ ರಾಜೇಂದ್ರಣ್ಣ ಪರದೆ ಒರೆಸಿದ. ಮದುವೆಯ ಆಲ್ಬಮ್ಮಿಗೆ ಯಾವುದೋ ಮಳೆಗಾಲದಲ್ಲಿ ನೀರು ಬಿದ್ದು ಹಾಳಾಗಿದೆಯೆಂದೂ, ಗಂಡ ಹೀಗೆ ನಕ್ಕ ಫೋಟೋ ಮನೆಯಲ್ಲಿ ಒಂದೂ ಇಲ್ಲವೆಂದೂ ಆವತ್ತೇ ಅವಳು ಹೇಳಿದ್ದಳು.

ಮರುದಿನ ತಂಡದ ಮುಖ್ಯಸ್ಥ ದುಗ್ಗಪ್ಪಣ್ಣ ಬಂದ. ಅವನು ನಗಲಿಲ್ಲ. ಹಿಂದೊಮ್ಮೆ ಯಾರೋ ಎರಡೂ ಹಗ್ಗ ಹಿಡಿದೆನೆಂದು ಎರಡು ಪಾಲು ಕೇಳಿ ತಂಡವೇ ಒಡೆಯುವ ಹಾಗಾಗಿತ್ತಂತೆ. ಪಾಲು ಹಂಚುವ ಜಾಗದಲ್ಲಿ ತಿಮ್ಮನನ್ನು ಎರಡು ಸಲ ತೂಗುಹಾಕಿದರೆ ದಿನಾ ಅದೇ ಮಾತು, ಅದೇ ಜಗಳ. ಒಬ್ಬನನ್ನು ತೆಗೆಯಲೇಬೇಕು ಎಂದ. ಯಾರನ್ನು ಎಂದು ಇವನು ಕೇಳಿದ.

"ಹಗ್ಗ ಹಿಡ್ದ ತಿಮ್ಮ ಇರ್ಲಿ. ಕೈ ಬಿಟ್ಟವ್ನಿಗೆ ಪಾಲಿಲ್ಲೆ."

ಅವರ ಲೆಕ್ಕಕ್ಕೆ ಅದು ನ್ಯಾಯವೇ. ರಾಜೇಂದ್ರಣ್ಣನೂ ತಲೆಯಾಡಿಸಿದ. ನಗುತ್ತಿದ್ದವನನ್ನು ಅಳಿಸಿ, ಅಲ್ಲಿಗೆ ಪಕ್ಕದ ಮರಳು ತಂದು ತುಂಬಿಸಿದ. ಎಷ್ಟು ಚೊಕ್ಕವಾಗಿ ಎಂದರೆ ಹೊಲಿಗೆಯವಳಾದ ನನಗೂ ಜೋಡಣೆ ಸಿಗಲಿಲ್ಲ. ಹದಿನಾಲ್ಕಡಿಯ ಫೋಟೋ ಶೆಡ್ಡಿಗೆ ಹೋಯಿತು. ಎಲ್ಲರೂ ಬೆರಳಿಟ್ಟು ತಮ್ಮನ್ನು ಹುಡುಕಿಕೊಂಡರು. ತಿಮ್ಮಣ್ಣನಿಗೆ ತನ್ನ ಬೆನ್ನು ಕಂಡು ಖುಷಿಯೇ ಆಯಿತಂತೆ, ಹಲ್ಲಿನ ಸಂದು ಕಾಣುವುದಿಲ್ಲವಲ್ಲ. ನವೆಂಬರಿನಲ್ಲಿ ಮದುವೆಗಳು ಶುರುವಾದವು. ಡಿಸ್ಕಿನಲ್ಲಿ ಜಾಗ ಸಾಲದೆ ರಾಜೇಂದ್ರಣ್ಣ ಆ ಇಪ್ಪತ್ತೊಂದು ಫೋಟೋಗಳನ್ನು ಅಳಿಸಿಹಾಕಿದ. ನಾನಾದರೆ ಕತ್ತರಿಸಿದ ತುಂಡುಬಟ್ಟೆಯನ್ನೂ ವರ್ಷಗಟ್ಟಲೆ ಗೋಣಿಯಲ್ಲಿ ಕಟ್ಟಿಡುತ್ತೇನೆ. ಈ ಗಂಡಸರಿಗೆ ಅಷ್ಟು ಬುದ್ಧಿ ಎಲ್ಲಿಂದ ಬರಬೇಕು.

ಫೆಬ್ರವರಿಯಲ್ಲಿ ತಿಮ್ಮಣ್ಣ ತೀರಿಕೊಂಡ. ಬೆಳಿಗ್ಗೆ ತೆಂಗಿನಮರದ ಬುಡದಲ್ಲಿ ಹರಿದ ಬಲೆ ಸರಿಮಾಡುತ್ತಾ ಕೂತವನು ಮತ್ತೆ ಏಳಲಿಲ್ಲ. ಮಕ್ಕಳಿರಲಿಲ್ಲ. ಬೊಜ್ಜದ ಕ್ರಿಯೆಗಳೆಲ್ಲ ಮುಗಿದ ಮೇಲೆ ಒಂದು ಶುಕ್ರವಾರ ಪದ್ದಕ್ಕ ಆಧಾರ್ ಕಾರ್ಡು ಹಿಡಿದುಕೊಂಡು ಸ್ಟುಡಿಯೋಕ್ಕೆ ಬಂದಳು. ಅದರಲ್ಲಿದ್ದ ತಿಮ್ಮಣ್ಣ ತುಟಿ ಬಿಗಿದು, ಕಣ್ಣು ಕೆಕ್ಕರಿಸಿ, ಪೊಲೀಸರು ಹಿಡಿದು ತಂದವನ ಹಾಗಿದ್ದ. ಇದು ನಮ್ಮವರಲ್ಲ ಎಂದಳು. ಕಾರ್ಡನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಕೇಳಿದಳು: "ಆವತ್ತ್ ಕಾಣ್ಸಿದ್ರಲೆ ರಾಜೇಂದ್ರಣ್ಣ, ಅವ್ರ್ ನೆಗಾಡ್ದ್. ಅದೊಂದ್ ತೆಗ್ದ್ ಕೊಡಿ."

ಇವನು ಕಂಪ್ಯೂಟರಿನ ಕಡೆ ತಿರುಗಿದ. ಹುಡುಕಿ ಕೊಡುತ್ತೇನೆ ಎಂದುಬಿಟ್ಟ.

ಆಮೇಲೆ ಪ್ರತಿ ಶುಕ್ರವಾರ ಅವಳು ಬಂದಳು. ಮೀನು ಮಾರಿ ಮುಗಿಸಿ, ಬುಟ್ಟಿ ಹೊರಗಿಟ್ಟು, ನನ್ನ ಅಂಗಡಿಯ ಬೆಂಚಿನಲ್ಲಿ ಕೂತು ಕಾಯುವಳು. ಒಂದು ಡಿಸ್ಕ್ ನೋಡಿ ಆಯಿತು, ಇನ್ನೊಂದು ಬಾಕಿ ಎಂದು ಇವನು ಹೇಳುವನು. ಉಡುಪಿಗೆ ಕಳಿಸಿದ್ದೇನೆ ಎನ್ನುವನು. ಅವಳು ತಲೆಯಾಡಿಸಿ, ಅವರು ಸಾಲಿನಲ್ಲಿ ಕಡೆಗೆ ಇದ್ದರು, ಕಡೆಯಿಂದ ಹುಡುಕಿ ಎಂದು ಗುರುತು ಹೇಳಿಹೋಗುವಳು. ಹೋಗುವಾಗ ಇವನ ಮೇಜಿನ ಮೇಲೆ ಎರಡು ಬಂಗುಡೆ, ಕಾಗದದಲ್ಲಿ ಕಟ್ಟಿ. ಇವನು ಅದನ್ನು ಮನೆಗೆ ಒಯ್ಯದೆ ನನಗೆ ಕೊಡುತ್ತಿದ್ದ. ನಾನು ಹುಳಿ ಮಾಡಿ ತಿನ್ನುತ್ತಿದ್ದೆ. ನಿಜ ಗೊತ್ತಾಗುವ ತನಕ ಎಂಟು ವಾರ ತಿಂದಿದ್ದೇನೆ.

ನಿಜ ಗೊತ್ತಾದದ್ದು ಹೀಗೆ. ಒಂದು ಮಧ್ಯಾಹ್ನ ರಾಜೇಂದ್ರಣ್ಣ ನನ್ನನ್ನು ಒಳಗೆ ಕರೆದ. ಗುರುತಿಗೆ ಬೇಕೆಂದು ಪದ್ದಕ್ಕನಿಂದ ಕೇಳಿ ಪಡೆದ ಆಧಾರ್ ಕಾರ್ಡಿನ ಮುಖ ದೊಡ್ಡದು ಮಾಡಿ, ಅದಕ್ಕೆ ಯಾವುದೋ ಮದುವೆಯ ಮುದುಕನೊಬ್ಬನ ನಗು ತಂದು ಕೂರಿಸಿದ್ದ. ಬಾಯಿ ನಗುತ್ತಿತ್ತು, ಕಣ್ಣು ಬೈಯುತ್ತಿತ್ತು. ಮುಚ್ಚಿ ಮಾರಾಯ್ರೆ ಅದನ್ನ ಎಂದು ನಾನು ಮುಖ ತಿರುಗಿಸಿದೆ. ಆಗ ಎಲ್ಲ ಹೇಳಿದ. ಉಡುಪಿಗೆ ಡಿಸ್ಕ್ ಹಿಡಿದುಕೊಂಡು ಹೋದದ್ದು ನಿಜವಂತೆ. ಆದರೆ ಅಳಿಸಿದ ಜಾಗದ ಮೇಲೆ ಐದಾರು ಮದುವೆ ಬಂದು ಕೂತಿವೆ, ಏನೂ ಸಿಗುವುದಿಲ್ಲ ಎಂದು ಅಲ್ಲಿಯವರು ಮೊದಲ ದಿನವೇ ಕೈಚೆಲ್ಲಿದ್ದರಂತೆ. ಹೇಳುತ್ತಾ ಅವನ ಕಣ್ಣಲ್ಲಿ ನೀರು ಬಂತು.

ನನಗೆ ಕನಿಕರ ಬರಬೇಕಿತ್ತು. ಬಂದದ್ದು ಸಿಟ್ಟು. ಗಂಡ ಸತ್ತ ಹೆಂಗಸನ್ನು ಹೀಗೆ ವಾರವಾರ ನಡೆಸುವುದು ಎಂಥ ಬುದ್ಧಿ? ಅವಳ ಮೀನು ತಿಂದ ನಾಚಿಕೆಯೂ ಅದರಲ್ಲಿ ಸೇರಿಕೊಂಡಿತ್ತು, ಸುಳ್ಳು ಯಾಕೆ ಹೇಳಲಿ. ಆವತ್ತಿನಿಂದ ಅವನ ಬೆನ್ನು ಬಿದ್ದೆ. ಹೇಳಿದಿರಾ, ಯಾವಾಗ ಹೇಳುತ್ತೀರಿ, ನಾನೇ ಹೇಳಲಾ ಎಂದು ದಿನಾ ಗೋಡೆಯಾಚೆಯಿಂದ ಕುಟ್ಟಿದೆ. ಒಂದು ಸಲ ಅತ್ತು ಮುಗಿಸಿದರೆ ಅವಳಿಗೂ ಹಗುರವಾಗುತ್ತದೆ ಎಂದೂ ಹೇಳಿದೆ. ಅವಳಿಗೆ ಏನು ಹಗುರ ಎನ್ನುವುದು ನನಗೆ ಗೊತ್ತಿರುವ ಹಾಗೆ.

ಜೂನ್ ಬಂತು. ಮಳೆ ಹಿಡಿದು ರಂಪಣಿ ನಿಂತಿತ್ತು, ಪದ್ದಕ್ಕ ಒಣಮೀನು ಮಾರುತ್ತಿದ್ದಳು. ಆ ಶುಕ್ರವಾರ ಅವಳು ಬೆಂಚಿನಲ್ಲಿ ಕೂತು ಸೆರಗಿನಿಂದ ತಲೆ ಒರೆಸಿಕೊಳ್ಳುತ್ತಿರುವಾಗ ನಾನು ರಾಜೇಂದ್ರಣ್ಣನಿಗೆ ಕಣ್ಣಲ್ಲೇ ಸನ್ನೆ ಮಾಡಿದೆ. ಅವನು ಸ್ಟುಡಿಯೋದಿಂದ ಬಂದು ನನ್ನ ಬಾಗಿಲಲ್ಲಿ ನಿಂತ.

"ಪದ್ದಕ್ಕ, ಆ ಫೋಟೋ ಇಲ್ಲೆ. ನಾನೇ ಅಳ್ಸಿದ್ದ್. ಹುಡ್ಕುಕೆ ಎಂತದೂ ಉಳಿಲಿಲ್ಲೆ."

ಅವಳು ಒರೆಸುವುದನ್ನು ನಿಲ್ಲಿಸಲಿಲ್ಲ. ತಲೆ ಒರೆಸಿದಳು, ಕೈ ಒರೆಸಿದಳು, ಒಣಗಿದ ಕೈಯನ್ನೇ ಮತ್ತೆ ಒರೆಸಿದಳು. ಕಡೆಗೆ ಕೇಳಿದಳು, ಇಬ್ಬರಿದ್ದರಲ್ಲ, ನಗುತ್ತಿದ್ದವರನ್ನೇ ಯಾಕೆ ತೆಗೆದಿರಿ ಎಂದು. ಅವರ ಕೈಯಲ್ಲಿ ಹಗ್ಗ ಇರಲಿಲ್ಲ ಎಂದು ಇವನು ಹೇಳಿದ. ದುಗ್ಗಪ್ಪಣ್ಣನ ಹೆಸರು ಎತ್ತಲಿಲ್ಲ, ಆ ಮಟ್ಟಿಗೆ ದೊಡ್ಡ ಮನುಷ್ಯ.

"ನಲ್ವತ್ತ್ ವರ್ಷ ಹಗ್ಗ ಎಳ್ದ್ರ್," ಎಂದಳು ಪದ್ದಕ್ಕ. "ಹಗ್ಗ ಬಿಟ್ಟ್ ನಡೆವಷ್ಟ್ ಹೊತ್ತೇ ಅವ್ರ ಕೈ ಖಾಲಿ ಇಪ್ಪುದ್."

ರಾಜೇಂದ್ರಣ್ಣ ತಪ್ಪಾಯಿತು ಎಂದ. ನಾಲ್ಕು ತಿಂಗಳು ಸುಳ್ಳು ಹೇಳಿದ್ದಕ್ಕೂ ತಪ್ಪಾಯಿತು ಎಂದ. ಆಗ ಮೊದಲ ಸಲ ಅವಳು ತಲೆಯೆತ್ತಿ ಅವನನ್ನು ನೋಡಿದಳು. ಬೈಗುಳಕ್ಕೆ ಅವನು ಸಿದ್ಧನಾಗಿಯೇ ನಿಂತಿದ್ದ. ಅವಳು ಕೇಳಿದಳು:

"ನಂಗ್ ಎಂತಕ್ ಹೇಳಿದ್ರಿ? ಹುಡ್ಕ್ತಾ ಇದ್ದೆ ಅಂದೇಳಿ ನೀವ್ ಹೇಳುವಷ್ಟ್ ದಿನ ಅವ್ರ್ ಆ ಪೆಟ್ಗಿ ಒಳ್ಗ್ ಎಲ್ಲೋ ಇದ್ದಿದ್ರ್. ಶುಕ್ರವಾರ ಬಂದ್ ಕೇಂಡ್ಕಂಡ್ ಹೋಪುಕಾರೂ ಇತ್ತ್ ನಂಗೆ. ಇವತ್ತ್ ಅದನ್ನೂ ತೆಗ್ದ್ರಿ."

ಮಳೆ ನಿಲ್ಲುವ ತನಕವೂ ಅವಳು ಕೂರಲಿಲ್ಲ. ಬುಟ್ಟಿಗೆ ಪ್ಲಾಸ್ಟಿಕ್ ಹೊದೆಸಿ, ತಲೆಗೇರಿಸಿ, ಬೀಜಾಡಿ ಕಡೆಗೆ ನಡೆದಳು. ರಾಜೇಂದ್ರಣ್ಣ ಬಾಗಿಲಲ್ಲಿ ನಿಂತೇ ಇದ್ದ. ನನ್ನನ್ನು ಒಂದು ಮಾತು ಅನ್ನಬಹುದಿತ್ತು. ಸಂಜೆ ಬೇಗ ಬಾಗಿಲು ಹಾಕಿ ಬ್ರಹ್ಮಾವರದ ಬಸ್ಸು ಹತ್ತಿದ. ಆಮೇಲೆ ಅವನು ಉದ್ದದ ಫೋಟೋ ತೆಗೆದಿಲ್ಲ. ಈಗ ಭಾನುವಾರವೂ ಪಾಸ್‌ಪೋರ್ಟ್ ಸೈಜೇ. ಯಾರಾದರೂ ಕೇಳಿದರೆ ಕಣ್ಣು ಮೊದಲಿನ ಹಾಗಿಲ್ಲ ಎನ್ನುತ್ತಾನೆ.

ಪದ್ದಕ್ಕ ಸ್ಟುಡಿಯೋದ ಕಡೆ ತಿರುಗುವುದಿಲ್ಲ. ನನ್ನ ಹತ್ತಿರ ಮಾತ್ರ ಈಗಲೂ ಬರುತ್ತಾಳೆ, ರವಿಕೆ ಹೊಲಿಸಲಿಕ್ಕೆ. ಮೊನ್ನೆ ಅಳತೆ ಕೊಡುತ್ತಾ ನಿಂತವಳು, ಆ ಮನುಷ್ಯ ಒಳ್ಳೆಯವರೇ, ನಾಲ್ಕು ತಿಂಗಳು ಬಾಯಿ ಕಟ್ಟಿಕೊಂಡಿದ್ದವರಿಗೆ ಆವತ್ತು ಎಂತಕ್ಕೆ ಹಾಗೆ ಹೇಳುವ ಮನಸ್ಸು ಬಂತೋ ಗೊತ್ತಾಗಲಿಲ್ಲ ವಿನಯಾ ಎಂದಳು. ನಾನು ಟೇಪನ್ನು ಅವಳ ಬೆನ್ನಿಗೆ ಹಿಡಿದಿದ್ದೆ. ಹೇಳಿಸಿದವಳು ನಾನು ಎಂದು ಆಗಲೇ ಹೇಳಿಬಿಡಬೇಕಿತ್ತು. ಬೆನ್ನು ಹದಿನಾಲ್ಕೂವರೆ ಎಂದೆ, ಪುಸ್ತಕದಲ್ಲಿ ಬರೆದುಕೊಂಡೆ, ಮುಂದಿನ ವಾರ ಬನ್ನಿ ಎಂದು ಕಳಿಸಿದೆ.